ಕಿಚ್ಚು ಕಾಣುವ ಮೊದಲೇ ಹೊರಡುವ ಸಿದ್ಧತೆ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಪರೀಕ್ಷೆಗೆ ಓದದ ಮಕ್ಕಳಿಗೆ, ಮಳೆ ಬಂದ ಮೇಲೆ ಹೆಂಚು ಹುಡುಕುವ ಯಜಮಾನನಿಗೆ ಈ ಮಾತು ಹೇಳುತ್ತೇವೆ. ಆದರೆ ಗಾದೆಯಲ್ಲಿರುವ ಬೆಂಕಿಯ ಬಗ್ಗೆಯೇ ನಾವು ಯೋಚಿಸುವುದು ಕಡಿಮೆ. ಈ ಅಂಕಣದಲ್ಲಿ ಗೊಬ್ಬರ, ಬಿತ್ತನೆ, ಜ್ವರ, ಕೆಮ್ಮುಗಳ ವಿಷಯ ಬರೆಯುವ ನಾವು ಈ ಸಲ ಕಾಡುಬೆಂಕಿಯ ಬಗ್ಗೆ ಬರೆಯುತ್ತಿದ್ದೇವೆ. ಬೆಂಕಿ ನಂದಿಸುವುದು ಹೇಗೆ ಎಂಬುದಲ್ಲ ಇಲ್ಲಿನ ಮಾತು. ಅದು ಅಗ್ನಿಶಾಮಕ ದಳದವರ ಮತ್ತು ಅರಣ್ಯ ಇಲಾಖೆಯವರ ಕೆಲಸ. ಬೆಂಕಿ ನಮ್ಮ ಮನೆಯ ಕಡೆ ತಿರುಗಿದರೆ ಮುದುಕರು, ಮಕ್ಕಳು, ದನಕರುಗಳೊಡನೆ ಹತ್ತು ನಿಮಿಷದಲ್ಲಿ ಮನೆ ಬಿಟ್ಟು ಹೊರಡಲು ನಾವು ಸಿದ್ಧರಿದ್ದೇವೆಯೇ ಎಂಬುದೇ ಪ್ರಶ್ನೆ.

ನಮ್ಮ ಊರಿಗೂ ಇದು ಸಂಬಂಧಿಸಿದ್ದೇ?

ಕುಂಕಳ್ಳಿ ಸಾಷ್ಟಿ ತಾಲೂಕಿನ ಅಂಚಿನಲ್ಲಿದೆ. ಪಶ್ಚಿಮಕ್ಕೆ ಅಸೋಳ್ಣಾ, ಚಿಂಚಿಣಿ ಕಡೆ ಗದ್ದೆ ಬಯಲು. ದಕ್ಷಿಣಕ್ಕೆ ಮತ್ತು ಪೂರ್ವಕ್ಕೆ ಬಾಳ್ಳಿ, ಫಾತರ್ಪಾ, ಕೇಪೆಗಳ ಕಡೆ ಗುಡ್ಡಗಳು. ಗುಡ್ಡದ ಮೇಲೆ ಗೇರು ತೋಟ, ಅಕೇಶಿಯಾ, ಕುರುಚಲು ಗಿಡ, ಆಳೆತ್ತರದ ಹುಲ್ಲು. ಅಕ್ಟೋಬರಿನಲ್ಲಿ ಮಳೆ ನಿಂತರೆ ಮತ್ತೆ ಮೇ ಕೊನೆಯವರೆಗೆ ಹೇಳಿಕೊಳ್ಳುವಂಥ ಮಳೆಯಿಲ್ಲ. ಜನವರಿಯ ಹೊತ್ತಿಗೆ ಹುಲ್ಲು ಒಣಗುತ್ತದೆ. ಫೆಬ್ರವರಿಯಲ್ಲಿ ಎಲೆ ಉದುರುತ್ತದೆ. ಮಾರ್ಚಿನಲ್ಲಿ ಗೇರು ಹಣ್ಣಾಗುವ ಹೊತ್ತಿಗೆ ಮರದ ಬುಡದಲ್ಲಿ ಮೊಣಕಾಲುದ್ದ ತರಗೆಲೆ ಬಿದ್ದಿರುತ್ತದೆ. ತಪಸ್ಸುಕಾಲದ ದಿನಗಳೇ ಬೆಂಕಿಯ ದಿನಗಳೂ ಆಗಿವೆ.

ಗೋವೆಯಲ್ಲಿ 50,000 ಹೆಕ್ಟೇರಿಗೂ ಹೆಚ್ಚು ಗೇರು ಇದೆ. ಬೀಜ ಹೆಕ್ಕಲು ಅನುಕೂಲವಾಗಲೆಂದು ತರಗೆಲೆ ಗುಡಿಸಿ ಸುಡುವ ಪದ್ಧತಿ ಹಳೆಯದು. ಹೊಸ ಹುಲ್ಲು ಚಿಗುರಲೆಂದು ಗುಡ್ಡಕ್ಕೆ ಕಡ್ಡಿ ಗೀರುವವರೂ ಇದ್ದಾರೆ. ಗೇರು ಹಣ್ಣಿನ ರಸ ಕಾಯಿಸುವ ಭಟ್ಟಿಯ ಒಲೆ, ದಾರಿಹೋಕನ ಬೀಡಿ, ರಸ್ತೆ ಬದಿ ಸುಡುವ ಕಸ, ಇವುಗಳಲ್ಲಿ ಯಾವುದಾದರೂ ಒಂದು ಸಾಕು.

2023ರ ಮಾರ್ಚ್ ಮೊದಲ ವಾರದಲ್ಲಿ ಇದು ಇಡೀ ರಾಜ್ಯಕ್ಕೆ ಗೊತ್ತಾಯಿತು. ಸತ್ತರಿ ತಾಲೂಕಿನ ಮಹದಾಯಿ ಅಭಯಾರಣ್ಯದಲ್ಲಿ ಹತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಅದೇ ದಿನಗಳಲ್ಲಿ ದಕ್ಷಿಣದ ತಾಲೂಕುಗಳ ಗುಡ್ಡಗಳೂ ಅಲ್ಲಲ್ಲಿ ಹೊತ್ತಿಕೊಂಡವು. ನೌಕಾಪಡೆ ಮತ್ತು ವಾಯುಪಡೆಯ ಹೆಲಿಕಾಪ್ಟರುಗಳು ದೊಡ್ಡ ಬಕೆಟ್ಟುಗಳಲ್ಲಿ ನೀರು ಹೊತ್ತು ತಂದು ಸುರಿಯಬೇಕಾಯಿತು. ಗೋವೆಯಂಥ ಹಸಿರು ನಾಡಿನಲ್ಲಿ ಹೀಗಾಗಬಹುದೆಂದು ಯಾರೂ ಎಣಿಸಿರಲಿಲ್ಲ. ಇನ್ನು ಮೇಲೆ ಹಾಗೆ ಹೇಳುವಂತಿಲ್ಲ.

ತಡವಾಗಿ ಹೊರಟವರ ಕಥೆ

ಕಾಡುಬೆಂಕಿಯಲ್ಲಿ ಜನ ಸಾಯುವುದು ಹೆಚ್ಚಾಗಿ ತಡವಾಗಿ ಹೊರಟದ್ದರಿಂದ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ನಾವು ಹೇಳುವುದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಗೋವೆಯ ಚರಿತ್ರೆಯೊಡನೆ ಬೆಸೆದುಕೊಂಡಿರುವ ಪೋರ್ಚುಗಲ್ ದೇಶದಲ್ಲಿ 2017ರ ಜೂನ್ 17ರಂದು ಪೆದ್ರೋಗಾಂವ್ ಗ್ರಾಂದೆ ಎಂಬ ಕಡೆ ಕಾಡುಬೆಂಕಿ ಎದ್ದು 66 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮನೆಯಲ್ಲಿ ಸುಟ್ಟುಹೋದವರಲ್ಲ. ಕೊನೆಯ ಗಳಿಗೆಯಲ್ಲಿ ಹೊರಟು, ನೀಲಗಿರಿ ಮತ್ತು ಪೈನ್ ಮರಗಳ ನಡುವಿನ ಒಂದೇ ರಸ್ತೆಯಲ್ಲಿ ಹೊಗೆಗೆ ದಾರಿ ಕಾಣದೆ ಸಿಕ್ಕಿಬಿದ್ದವರು. ಆಸ್ಟ್ರೇಲಿಯಾದಲ್ಲಿ 2009ರ ಫೆಬ್ರವರಿ 7ರ ಬೆಂಕಿಗೆ 173 ಜನ ಬಲಿಯಾದರು. ಅಲ್ಲಿ ಅನೇಕರು ಮನೆ ಕಾಯುತ್ತೇವೆಂದು ಉಳಿದವರು. ಅಂದಿನಿಂದ ಆ ದೇಶದಲ್ಲಿ ಬೇಗ ಹೊರಡುವುದೇ ಎಲ್ಲಕ್ಕಿಂತ ಸುರಕ್ಷಿತ ಎಂದು ಜನರಿಗೆ ಸ್ಪಷ್ಟವಾಗಿ ಹೇಳುತ್ತಾರೆ.

ದೂರದ ಮಾತೇಕೆ? ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿ ಗುಡ್ಡದಲ್ಲಿ 2018ರ ಮಾರ್ಚ್ 11ರಂದು ಚಾರಣಕ್ಕೆ ಹೋದವರು ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿಗೆ ಸಿಕ್ಕಿ 20ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ನಮ್ಮ ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲೂ 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲೂಕಿನಲ್ಲೂ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರು ಪ್ರಾಣ ಕಳೆದುಕೊಂಡರು. ಕಾಡಿನ ಕಾಲುದಾರಿಗಳನ್ನೆಲ್ಲ ಬಲ್ಲವರೇ ಹೀಗೆ ಸಿಕ್ಕಿಬಿದ್ದರೆ, ಲುಂಗಿ ಎತ್ತಿ ಕಟ್ಟಿ ಸೊಪ್ಪಿನ ಕೊಂಬೆ ಹಿಡಿದು ಹೋಗುವ ನಮ್ಮ ಪಾಡೇನು?

ಬೆಂಕಿ ನಡೆಯುವ ರೀತಿ

ಬೆಂಕಿಯ ಮೂರು ಗುಣಗಳನ್ನು ರೈತನಾದವನು ತಿಳಿದಿರಬೇಕು.

ಮೊದಲನೆಯದು, ಬೆಂಕಿ ಏರುದಾರಿಯಲ್ಲಿ ಓಡುತ್ತದೆ. ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುವುದರಿಂದ, ಇಳಿಜಾರು ಪ್ರತಿ 10 ಡಿಗ್ರಿ ಹೆಚ್ಚಿದಂತೆ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ. ಆದ್ದರಿಂದ ಬೆಂಕಿ ಕಂಡರೆ ಗುಡ್ಡ ಹತ್ತಿ ಓಡಬಾರದು.

ಎರಡನೆಯದು, ಬೆಂಕಿ ಗಾಳಿಯ ಹಿಂದೆ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಗಾಳಿ ಬೀಸುತ್ತದೆ. ರಾತ್ರಿಯಿಂದ ಬೆಳಗಿನವರೆಗೆ ಗುಡ್ಡದ ಕಡೆಯಿಂದ ಬೀಸುತ್ತದೆ. ಸಂಜೆ ಗುಡ್ಡದ ಆಚೆ ಹೋಯಿತೆಂದು ನಾವು ನೆಮ್ಮದಿಯಿಂದ ಮಲಗಿದ ಬೆಂಕಿ, ರಾತ್ರಿ ಗಾಳಿ ತಿರುಗಿದಾಗ ಊರ ಕಡೆಗೇ ಇಳಿದುಬರಬಹುದು.

ಮೂರನೆಯದು, ಬೆಂಕಿಗಿಂತ ಮುಂಚೆ ಕಿಡಿ ಬರುತ್ತದೆ. ಉರಿಯುವ ಎಲೆ, ತೊಗಟೆಯ ಚೂರು ಗಾಳಿಯಲ್ಲಿ ಹಾರಿಬಂದು ಹೆಂಚಿನ ಸಂದಿಯಲ್ಲಿ, ಹುಲ್ಲಿನ ಬಣವೆಯಲ್ಲಿ, ಕಟ್ಟಿಗೆ ರಾಶಿಯಲ್ಲಿ ಬೀಳುತ್ತದೆ. ಜ್ವಾಲೆ ಇನ್ನೂ ದೂರದಲ್ಲಿರುವಾಗಲೇ ಮನೆ ಹೊತ್ತಿಕೊಳ್ಳುವುದು ಹೀಗೆ. ಅಟ್ಟದ ಮೇಲೆ ತೆಂಗಿನ ಸಿಪ್ಪೆ, ಗೋಣಿ, ಒಣಗಿದ ಮಡಲು ಇಟ್ಟ ಮನೆಗಳಿಗೆ ಈ ಅಪಾಯ ಹೆಚ್ಚು.

ಮಧ್ಯಾಹ್ನ ಮೂರು ಗಂಟೆಗೆ ಮನೆಯಲ್ಲಿ ಯಾರಿರುತ್ತಾರೆ?

ಗುಡ್ಡದಂಚಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಮಗ ಕೈಗಾರಿಕಾ ವಸಾಹತಿನಲ್ಲಿ ಪಾಳಿಯ ಕೆಲಸಕ್ಕೆ ಹೋಗಿದ್ದಾನೆ. ದೊಡ್ಡ ಮೊಮ್ಮಗಳು ಶಾಲೆಯಲ್ಲಿದ್ದಾಳೆ. ಮನೆಯಲ್ಲಿರುವವರು ಸೊಸೆ, ಎರಡು ವರ್ಷದ ಮಗು, ಮೊಣಕಾಲು ನೋವಿನ ಅತ್ತೆ. ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಒಂದು ಕರು. ಬಿಸಿಲು ಕಾದು ಹುಲ್ಲು ಕಡ್ಡಿಯಾಗಿರುವ ಮೂರು ಗಂಟೆಗೆ ಗುಡ್ಡದ ಕೆಳಗೆ ಹೊಗೆ ಏಳುತ್ತದೆ.

ಆಗ ಮನೆಯಲ್ಲಿ ನಡೆಯುವ ಮಾತು ನಮಗೆಲ್ಲ ಗೊತ್ತು. "ಅತ್ತೆ, ಏಳಿ, ಹೋಗೋಣ" ಎಂದು ಸೊಸೆ ಕರೆಯುತ್ತಾಳೆ. "ನೀನು ಮಗುವನ್ನು ಕರಕೊಂಡು ಹೋಗವ್ವಾ. ಎಮ್ಮೆ ಬಿಟ್ಟು ನಾನು ಬರೋದಿಲ್ಲ" ಎಂದು ಅತ್ತೆ ಕೂತುಬಿಡುತ್ತಾರೆ. ಸೊಸೆ ಗಂಡನಿಗೆ ಫೋನು ಹಚ್ಚುತ್ತಾಳೆ. ಯಂತ್ರದ ಸದ್ದಿನಲ್ಲಿ ಅವನಿಗೆ ಕೇಳಿಸುವುದಿಲ್ಲ. ಆಧಾರ್ ಕಾರ್ಡು ಎಲ್ಲಿದೆಯೆಂದು ಪೆಟ್ಟಿಗೆ ತೆಗೆಯುತ್ತಾಳೆ. ಇಪ್ಪತ್ತು ನಿಮಿಷ ಹೀಗೇ ಹೋಗುತ್ತದೆ. ಆ ಮನೆಗೆ ಇದ್ದ ಸಮಯವೇ ಅಷ್ಟು.

ಇಲ್ಲಿ ಅತ್ತೆಯದು ತಪ್ಪೆನ್ನುವಂತಿಲ್ಲ, ಸೊಸೆಯದೂ ಅಲ್ಲ. ಮೊದಲೇ ಕೂತು ಆಡಬೇಕಾದ ಮಾತನ್ನು ಹೊಗೆ ಬಂದ ಮೇಲೆ ಆಡಿದ್ದೇ ತೊಂದರೆ. ಆದ್ದರಿಂದ ಮನೆಯ ಸಿದ್ಧತೆಯೆಂದರೆ ಮೊದಲಿಗೆ ಒಂದು ರಾತ್ರಿ ಊಟವಾದ ಮೇಲೆ ಎಲ್ಲರೂ ಕೂತು ಮಾತಾಡುವುದು. ಮಧ್ಯಾಹ್ನ ಮೂರಕ್ಕೆ ಮನೆಯಲ್ಲಿರುವವರೇ ತೀರ್ಮಾನ ತೆಗೆದುಕೊಳ್ಳಬೇಕು, ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ ಎಂದು ಮನೆಯ ಯಜಮಾನ ಎಲ್ಲರ ಮುಂದೆ ಹೇಳಬೇಕು. ಅಜ್ಜಿಯನ್ನು ಯಾರು, ಯಾವ ವಾಹನದಲ್ಲಿ ಕರೆದುಕೊಂಡು ಹೋಗುತ್ತಾರೆ, ಎಮ್ಮೆಗಳನ್ನು ಯಾರು ಬಿಚ್ಚುತ್ತಾರೆ, ಶಾಲೆಯಲ್ಲಿರುವ ಮಗು ಎಲ್ಲಿಗೆ ಬರಬೇಕು, ಕೆಲಸದಲ್ಲಿರುವವರು ಮನೆಗೆ ಓಡಿಬರದೆ ಎಲ್ಲಿ ಬಂದು ಸೇರಬೇಕು ಎಂಬುದೂ ಅಂದೇ ಗೊತ್ತಾಗಬೇಕು. ಮಗ ಮನೆಗೆ, ಸೊಸೆ ಹೊರಗೆ, ಎದುರುಬದುರಾಗಿ ಹುಡುಕುತ್ತ ಹೋಗಿ ಇಬ್ಬರೂ ಹೊಗೆಯಲ್ಲಿ ಸಿಕ್ಕಿಕೊಳ್ಳಬಾರದು.

ಜನವರಿಯಲ್ಲೇ ಮುಗಿಸಬೇಕಾದ ಕೆಲಸ

1. ಮನೆಯ ಸುತ್ತ 30 ಅಡಿ ಜಾಗದಲ್ಲಿ ಒಣಹುಲ್ಲು, ತರಗೆಲೆ, ಕುರುಚಲು ಇರದಂತೆ ಕೆರೆದು ಚೊಕ್ಕಟ ಮಾಡಿ. ಗೋಡೆಗೆ ತಾಗಿದ 5 ಅಡಿಯಲ್ಲಿ ಉರಿಯುವ ವಸ್ತು ಏನೂ ಇರಬಾರದು.

2. ಕೆರೆದ ತರಗೆಲೆಯನ್ನು ಸುಡಬೇಡಿ. ಗುಂಡಿಗೆ ಹಾಕಿ ಸೆಗಣಿ ನೀರು ಚಿಮುಕಿಸಿದರೆ ಮುಂದಿನ ಮಳೆಗಾಲಕ್ಕೆ ಗೊಬ್ಬರ. ತೆಂಗಿನ ಬುಡಕ್ಕೆ ಹೊದಿಸಬಹುದು. ಆದರೆ ಮನೆಗೆ ಹತ್ತಿರದ ಮರಗಳಿಗೆ ಬೇಡ. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚುವುದು 1927ರ ಭಾರತೀಯ ಅರಣ್ಯ ಕಾಯ್ದೆಯಂತೆ, ಅಭಯಾರಣ್ಯದಲ್ಲಿ 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ.

3. ಹುಲ್ಲಿನ ಬಣವೆ, ಕಟ್ಟಿಗೆ, ಬೆರಣಿ ರಾಶಿಗಳನ್ನು ಮನೆಯಿಂದಲೂ ಕೊಟ್ಟಿಗೆಯಿಂದಲೂ ದೂರಕ್ಕೆ ಸಾಗಿಸಿ. ಗೇರುಬೀಜದ ಚೀಲಗಳನ್ನು ಜಗಲಿಯ ಮೇಲೆ ಪೇರಿಸಬೇಡಿ. ಗೇರು ಸಿಪ್ಪೆಯಲ್ಲಿರುವ ಎಣ್ಣೆ ಭಗ್ಗನೆ ಉರಿಯುತ್ತದೆ. ಅದರ ಹೊಗೆ ಕಣ್ಣು, ಗಂಟಲು, ಚರ್ಮವನ್ನು ಸುಡುತ್ತದೆ.

4. ಒಡೆದ ಹೆಂಚು ಬದಲಾಯಿಸಿ. ದೋಣಿಯಲ್ಲಿ, ಮಾಡಿನ ಮೇಲೆ ಬಿದ್ದ ಎಲೆಗಳನ್ನು ವಾರಕ್ಕೊಮ್ಮೆ ತೆಗೆಯಿರಿ. ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಸವರಿ.

5. ತೋಟದ ಬೇಲಿಯ ಗುಂಟ ಹುಲ್ಲು ಸವರಿ, ಮಣ್ಣು ಕಾಣುವಂತೆ 10 ಅಡಿ ಅಗಲದ ಪಟ್ಟಿ ಬಿಡಿ. ಅರಣ್ಯ ಇಲಾಖೆಯವರು ಬೆಂಕಿ ರೇಖೆ ಎನ್ನುವುದು ಇದಕ್ಕೇ. ನೆಲದ ಮೇಲೆ ಹರಿಯುವ ಸಣ್ಣ ಬೆಂಕಿ ಇಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಹಾರುವ ಕಿಡಿ ಮಾತ್ರ ಇದನ್ನು ದಾಟುತ್ತದೆ ಎಂಬುದು ನೆನಪಿರಲಿ.

6. ಮನೆಯಿಂದ ಮುಖ್ಯ ರಸ್ತೆಗೆ ಹೋಗುವ ದಾರಿಯ ಇಕ್ಕೆಲವನ್ನೂ ನೋಡಿ. ಎರಡೂ ಕಡೆ ಒಣಹುಲ್ಲಿದ್ದರೆ ನೆರೆಯವರೊಡನೆ ಸೇರಿ ಸವರಿ. ಅಗ್ನಿಶಾಮಕ ವಾಹನ ಒಳಗೆ ಬರುವಷ್ಟು ಅಗಲವಿದೆಯೇ ಎಂದೂ ನೋಡಿ.

ತೋಟದಲ್ಲಿ ಮಡಲಿನ ಗುಡಿಸಲು, ಪ್ಲಾಸ್ಟಿಕ್ ಹೊದಿಸಿದ ಶೆಡ್ಡು ಹಾಕಿಕೊಂಡು ಗೇರು ಹಂಗಾಮು ಕಳೆಯುವ ಕೆಲಸಗಾರರ ಕುಟುಂಬಗಳು ನಮ್ಮಲ್ಲಿವೆ. ಘಟ್ಟದ ಮೇಲಿನಿಂದ ಬಂದ ನಮ್ಮವರೇ ಅವರಲ್ಲಿ ಹಲವರು. ಎಲ್ಲರಿಗಿಂತ ಹೆಚ್ಚಿನ ಅಪಾಯ ಅವರಿಗೆ. ಅಂಥ ಗುಡಿಸಲನ್ನು ಇಳಿಜಾರಿನ ಮಧ್ಯದಲ್ಲಿ ಕಟ್ಟದೆ ರಸ್ತೆಗೆ ಹತ್ತಿರ ಬಯಲಿನಲ್ಲಿ ಕಟ್ಟಿಕೊಡುವುದು, ಊರಿಗೆ ಇಳಿಯುವ ದಾರಿ ತೋರಿಸಿಕೊಡುವುದು ತೋಟದ ಒಡೆಯನ ಕರ್ತವ್ಯ.

ಬಾಗಿಲ ಹಿಂದಿನ ಚೀಲ

ಫೆಬ್ರವರಿ ಒಂದರಿಂದ ಮಳೆ ಬೀಳುವವರೆಗೆ ಒಂದು ಚೀಲ ಕಟ್ಟಿ ಬಾಗಿಲ ಹಿಂದೆ ತೂಗಹಾಕಿ. ಒಬ್ಬರು ಹೆಗಲಿಗೆ ಹಾಕಿಕೊಂಡು ಮಗುವನ್ನೂ ಎತ್ತಿಕೊಳ್ಳುವಷ್ಟು ಹಗುರವಾಗಿರಲಿ. ಅದರಲ್ಲಿ ಇರಬೇಕಾದವು ಇಷ್ಟು:

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಸದ ಔಷಧಿಗಳು ಒಂದು ವಾರಕ್ಕಾಗುವಷ್ಟು, ವೈದ್ಯರ ಚೀಟಿಯ ಸಮೇತ. ಇನ್ಸುಲಿನ್ ತಂಪಿನಲ್ಲಿರಬೇಕಾದ್ದರಿಂದ ಅದನ್ನು ಕೊನೆಗೆ ಎತ್ತಿಕೊಳ್ಳಬೇಕೆಂದು ಚೀಲದ ಮೇಲೆ ಬರೆದಂಟಿಸಿ. ಎರಡು ಬಾಟಲಿ ನೀರು, ಅವಲಕ್ಕಿ ಅಥವಾ ಬಿಸ್ಕತ್ತು, ಓಆರ್‌ಎಸ್ ಪೊಟ್ಟಣ. ಟಾರ್ಚು, ಬೆಂಕಿಪೊಟ್ಟಣವಲ್ಲ. ಮೊಬೈಲಿನ ಚಾರ್ಜರು. ಮುಖ್ಯ ನಂಬರುಗಳನ್ನು ಬರೆದ ಒಂದು ಕಾಗದ. ಮೊಬೈಲು ಸತ್ತರೆ ಮಗನ ನಂಬರು ನಮ್ಮಲ್ಲಿ ಎಷ್ಟು ಜನರಿಗೆ ಬಾಯಿಪಾಠವಿದೆ? ಸ್ವಲ್ಪ ನಗದು ಹಣ. ಮನೆಯ ಪ್ರತಿಯೊಬ್ಬರಿಗೆ ಒಂದು ಎನ್-95 ಮುಖಗವಸು. ಒಂದು ಹತ್ತಿಯ ಅಥವಾ ಉಣ್ಣೆಯ ಕಂಬಳಿ.

ಇನ್ನು ಕಾಗದಪತ್ರಗಳು. ಆಧಾರ್, ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ, ಜಮೀನಿನ ಒಂದು ಮತ್ತು ಹದಿನಾಲ್ಕರ ನಮೂನೆ, ಊರ ಜಮೀನಿನ ಪಹಣಿ, ಮಕ್ಕಳ ಅಂಕಪಟ್ಟಿ, ಬಾಡಿಗೆ ಅಥವಾ ಗೇಣಿಯ ಕರಾರು, ಇವುಗಳ ನಕಲನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಚೀಲದಲ್ಲಿಡಿ. ಮೊಬೈಲಿನಲ್ಲಿ ಒಂದೊಂದು ಫೋಟೋ ತೆಗೆದು ಬೇರೆ ಊರಿನ ನೆಂಟರಿಗೊಬ್ಬರಿಗೆ ಕಳಿಸಿಡಿ. ಕಾಗದಕ್ಕಾಗಿ ಮನೆಯೊಳಗೆ ಮತ್ತೆ ಹೋಗಬೇಡಿ ಎಂದು ನಾವು ಒತ್ತಿ ಹೇಳುತ್ತೇವೆ. ಪಹಣಿ ಗಣಕಯಂತ್ರದಲ್ಲಿದೆ, ಮತ್ತೆ ಸಿಗುತ್ತದೆ. ಆಧಾರ್ ಮತ್ತೆ ಸಿಗುತ್ತದೆ. ಜ್ಞಾನಸ್ನಾನದ, ಮದುವೆಯ ಪತ್ರಗಳನ್ನು ಧರ್ಮಕೇಂದ್ರದ ದಾಖಲೆ ಪುಸ್ತಕ ನೋಡಿ ಮತ್ತೆ ಬರೆದುಕೊಡುತ್ತಾರೆ. ಹೋದ ಜೀವಕ್ಕೆ ನಕಲು ಪ್ರತಿ ಇಲ್ಲ.

ದನಕರುಗಳ ವಿಷಯ

ರೈತ ಕುಟುಂಬ ಮನೆ ಬಿಡಲು ಹಿಂಜರಿಯುವುದು ಚಿನ್ನಕ್ಕಾಗಿ ಅಲ್ಲ, ಕೊಟ್ಟಿಗೆಯಲ್ಲಿರುವ ಜೀವಗಳಿಗಾಗಿ. ಆದ್ದರಿಂದ ದನಗಳ ವಿಷಯ ಮೊದಲೇ ಇತ್ಯರ್ಥವಾದರೆ ಮನುಷ್ಯರು ಬೇಗ ಹೊರಡುತ್ತಾರೆ.

ಬೇಸಿಗೆಯಲ್ಲಿ ನೈಲಾನ್ ಹಗ್ಗ, ನೈಲಾನ್ ಮೂಗುದಾರ ಬೇಡ. ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಯ ಅಥವಾ ತೆಂಗಿನ ನಾರಿನ ಹಗ್ಗ ಬಳಸಿ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕಿ, ಅದನ್ನು ಮನೆಯ ಹೆಂಗಸರು ಮಕ್ಕಳೆಲ್ಲ ಬಿಚ್ಚಲು ಕಲಿತಿರಲಿ. ಗಂಟು ಬಿಗಿಯಾದರೆ ಕೊಯ್ಯಲು ಕೊಟ್ಟಿಗೆಯ ಕಂಬದಲ್ಲಿ ಒಂದು ಕತ್ತಿ ಸಿಕ್ಕಿಸಿಟ್ಟಿರಿ.

ಗಾಳಿ ಬಿಸಿಯಾಗಿದೆ, ಎಲ್ಲೋ ಹೊಗೆಯ ವಾಸನೆಯಿದೆ ಎನಿಸಿದ ದಿನ ದನಗಳನ್ನು ಗುಡ್ಡಕ್ಕೆ ಮೇಯಲು ಬಿಡಬೇಡಿ. ಬೆಳಿಗ್ಗೆಯೇ ಕೆಳಗಿನ ಗದ್ದೆ ಬಯಲಿಗೆ ಹೊಡೆದುಕೊಂಡು ಹೋಗಿ. ಹಸಿರು ಬೆಳೆಯಿರುವ ಅಥವಾ ಉತ್ತು ಮಣ್ಣು ಕಾಣುವ ಗದ್ದೆ, ಕೆರೆಯಂಚು, ಆಟದ ಮೈದಾನ ಒಳ್ಳೆಯ ಜಾಗ. ಬಯಲಿನ ರೈತರೊಬ್ಬರೊಡನೆ ಮೊದಲೇ ಮಾತಾಡಿಟ್ಟುಕೊಂಡರೆ ಆ ದಿನ ಜಗಳವಿರುವುದಿಲ್ಲ.

ಹೊಡೆದುಕೊಂಡು ಹೋಗಲು ಸಮಯವಿಲ್ಲದಿದ್ದರೆ ಹಗ್ಗ ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದು, ಹೊರಗೆ ಅಟ್ಟಿ, ಮತ್ತೆ ಒಳನುಗ್ಗದಂತೆ ಬಾಗಿಲು ಮುಚ್ಚಿ ನೀವು ಹೊರಡಿ. ಬಿಟ್ಟ ದನಕ್ಕೆ ಬದುಕುವ ಅವಕಾಶವಿದೆ. ಕಟ್ಟಿದ ದನಕ್ಕೆ ಇಲ್ಲ. ಕಿವಿಯ ಹಳದಿ ಬಿಲ್ಲೆಯ 12 ಅಂಕಿಯ ನಂಬರನ್ನು ಬರೆದಿಟ್ಟುಕೊಂಡಿದ್ದರೆ ಆಮೇಲೆ ಹುಡುಕಲು ಸುಲಭ. ಕೋಳಿಗೂಡು, ಆಡಿನ ದೊಡ್ಡಿಗಳ ಬಾಗಿಲನ್ನೂ ತೆಗೆದುಬಿಡಿ. ಸರಪಳಿ ಹಾಕಿದ ನಾಯಿಯನ್ನು ಮರೆಯಬೇಡಿ.

ಯಾವಾಗ ಹೊರಡಬೇಕು, ಎಲ್ಲಿಗೆ?

ಜ್ವಾಲೆ ಕಾಣುವವರೆಗೆ ಕಾಯಬಾರದು. ನಿಮ್ಮ ಮನೆಯಿರುವ ಗುಡ್ಡದಲ್ಲಿ ಹೊಗೆ ಎದ್ದು ಗಾಳಿ ನಿಮ್ಮ ಕಡೆಗಿದ್ದರೆ, ಬೂದಿ ಅಂಗಳದಲ್ಲಿ ಬೀಳತೊಡಗಿದರೆ, ಅಥವಾ ಪೊಲೀಸರು, ಮಾಮಲೇದಾರರ ಕಚೇರಿಯವರು, ಅರಣ್ಯ ಸಿಬ್ಬಂದಿ ಹೊರಡಿ ಎಂದರೆ ಅದೇ ಹೊತ್ತು. ಮುದುಕರು, ಬಸುರಿಯರು, ಎಳೆಮಕ್ಕಳು, ಉಬ್ಬಸದವರು ಇದಕ್ಕೂ ಮೊದಲೇ, ಹೊಗೆ ದೂರದಲ್ಲಿರುವಾಗಲೇ ನೆಂಟರ ಮನೆಗೆ ಹೋಗಲಿ. ಹೋಗಿ ಏನೂ ಆಗದೆ ವಾಪಸು ಬಂದರೆ ನಗುವವರು ನಗಲಿ.

ಹೊರಡುವ ಮೊದಲು 112ಕ್ಕೆ ಅಥವಾ 101ಕ್ಕೆ ಕರೆ ಮಾಡಿ. ಕುಂಕಳ್ಳಿಯಲ್ಲೇ ಅಗ್ನಿಶಾಮಕ ಠಾಣೆಯಿದೆ. ಜಾಗದ ಗುರುತನ್ನು ಸ್ಪಷ್ಟವಾಗಿ ಹೇಳಿ. ಮೈತುಂಬ ಹತ್ತಿ ಬಟ್ಟೆ, ಕಾಲಿಗೆ ಚರ್ಮದ ಚಪ್ಪಲಿ ಅಥವಾ ಬೂಟು ಹಾಕಿ. ನೈಲಾನ್ ಸೀರೆ, ಪಾಲಿಯೆಸ್ಟರ್ ನೈಟಿ ಬೇಡ. ಗ್ಯಾಸಿನ ರೆಗ್ಯುಲೇಟರ್ ಮುಚ್ಚಿ, ಒಲೆಗೆ ನೀರು ಹಾಕಿ, ಮೇನ್ ಸ್ವಿಚ್ ಆರಿಸಿ. ಕಿಟಕಿ ಬಾಗಿಲು ಮುಚ್ಚಿ. ಬೀಗ ಹಾಕಲೇಬೇಕೆಂದರೆ ಕೀಲಿಯನ್ನು ವಾರ್ಡಿನ ಜವಾಬ್ದಾರರೊಬ್ಬರ ಕೈಗೆ ಕೊಡಿ.

ದಾರಿಯ ವಿಷಯದಲ್ಲಿ ನೆನಪಿಡಬೇಕಾದದ್ದು ಒಂದೇ: ಗುಡ್ಡದಿಂದ ದೂರ, ಬಯಲಿನ ಕಡೆಗೆ. ನಮ್ಮೂರ ಮಟ್ಟಿಗೆ ಹೇಳುವುದಾದರೆ ಪೂರ್ವ ದಕ್ಷಿಣದ ಗುಡ್ಡ ಉರಿಯುವಾಗ ಚಿಂಚಿಣಿ, ಅಸೋಳ್ಣಾ ಕಡೆಗೆ, ಇಲ್ಲವೇ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಮಡಗಾಂವ ಕಡೆಗೆ. ಗುಡ್ಡದ ನಡುವಿನ ಅಡ್ಡದಾರಿ ಹತ್ತಿರವೆಂದು ಹಿಡಿಯಬೇಡಿ. ಸ್ಕೂಟರಿನವರು ಹೊಗೆಯಲ್ಲಿ ನುಗ್ಗಬೇಡಿ. ಎದುರಿನಿಂದ ಬರುವ ಲಾರಿ ಕಾಣುವುದಿಲ್ಲ.

ಹೊರಡಲು ಆಗಲೇ ಇಲ್ಲದಿದ್ದರೆ? ಬಯಲಿನಲ್ಲಿ ಓಡುವುದಕ್ಕಿಂತ ಕಲ್ಲಿನ ಗೋಡೆ, ಹೆಂಚಿನ ಮಾಡಿನ ಗಟ್ಟಿ ಮನೆಯೊಳಗಿರುವುದು ಲೇಸು. ಬೆಂಕಿ ಬರುವ ದಿಕ್ಕಿಗೆ ಎದುರು ದಿಕ್ಕಿನ, ಹೊರಬಾಗಿಲಿಗೆ ಹತ್ತಿರದ ಕೋಣೆಯಲ್ಲಿ ಎಲ್ಲರೂ ಒಟ್ಟಿಗಿರಿ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ. ಬೆಂಕಿಯ ಮುಖ್ಯ ಅಲೆ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ದಾಟಿಹೋಗುತ್ತದೆ. ಆಮೇಲೆ ಮನೆಗೆ ಹತ್ತಿಕೊಂಡಿದ್ದರೆ ಸುಟ್ಟು ಕರಿಯಾದ ನೆಲದ ಮೇಲೆ ಹೊರಬನ್ನಿ. ಒಮ್ಮೆ ಉರಿದ ನೆಲದಲ್ಲಿ ಮತ್ತೆ ಉರಿಯಲು ಏನೂ ಇರುವುದಿಲ್ಲ. ಹೊರಗೇ ಸಿಕ್ಕಿಬಿದ್ದರೆ ಉತ್ತ ಹೊಲ ಅಥವಾ ಸುಟ್ಟ ನೆಲ ಹುಡುಕಿ, ಬೋರಲು ಮಲಗಿ, ಕಂಬಳಿ ಹೊದ್ದುಕೊಳ್ಳಿ. ಬಾವಿಗೆ ಇಳಿಯಬೇಡಿ. ಕಾರಿನಲ್ಲಿದ್ದರೆ ಹುಲ್ಲಿಲ್ಲದ ಕಡೆ ನಿಲ್ಲಿಸಿ, ಗಾಜು ಏರಿಸಿ, ಕಿಟಕಿಗಿಂತ ಕೆಳಗೆ ಮಲಗಿ.

ಹೊಗೆ, ಸುಟ್ಟ ಗಾಯ ಮತ್ತು ಮರಳಿ ಬಂದ ಮೇಲೆ

ಬೆಂಕಿ ತಲುಪದ ಮನೆಗೂ ಹೊಗೆ ತಲುಪುತ್ತದೆ. ಹೊಗೆಯ ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಒದ್ದೆ ಟವೆಲು ಬೂದಿಯನ್ನು ತಡೆಯಬಹುದು, ಈ ಕಣಗಳನ್ನು ತಡೆಯುವುದಿಲ್ಲ. ಅದಕ್ಕೇ ಎನ್-95 ಮುಖಗವಸು ಬೇಕೆಂದದ್ದು. ಉಸಿರು ಕಟ್ಟುವುದು, ಎದೆ ನೋವು, ತುಟಿ ನೀಲಿಗಟ್ಟುವುದು, ಮಂಪರು ಕಂಡರೆ 108ಕ್ಕೆ ಕರೆ ಮಾಡಿ. ಬಾಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಮಡಗಾಂವದ ಜಿಲ್ಲಾ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಿರಿ.

ಸುಟ್ಟ ಗಾಯದ ಮೇಲೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಮಂಜುಗಡ್ಡೆ ಬೇಡ. ಬಳೆ, ಉಂಗುರಗಳನ್ನು ಬಾವು ಏಳುವ ಮೊದಲೇ ತೆಗೆಯಿರಿ. ಶುಭ್ರವಾದ ಹತ್ತಿ ಬಟ್ಟೆ ಹೊದಿಸಿ. ತುಪ್ಪ, ಟೂತ್‌ಪೇಸ್ಟ್, ಶಾಯಿ, ಅರಿಶಿನ ಹಚ್ಚಬೇಡಿ. ಚರ್ಮಕ್ಕಂಟಿದ ಬಟ್ಟೆಯನ್ನು ಕೀಳಬೇಡಿ. ಬೆಂಕಿಗೆ ಹೆದರಿದ ಹಾವುಗಳು ಮನೆಯ ಕಡೆ ಬರುತ್ತವೆ. ಕತ್ತಲಲ್ಲಿ ಟಾರ್ಚಿಲ್ಲದೆ ಕಾಲಿಡಬೇಡಿ.

ಮರಳಿ ಬಂದ ಮೇಲೆ ಅಟ್ಟ, ಹೆಂಚಿನ ಸಂದಿ, ಕಟ್ಟಿಗೆ ರಾಶಿಗಳನ್ನು ಗಂಟೆಗೊಮ್ಮೆ ನೋಡುತ್ತಿರಿ. ಬೂದಿಯ ಕೆಳಗೆ ಬೇರು ಒಳಗೊಳಗೇ ಉರಿಯುತ್ತಿರುತ್ತದೆ, ಕಾಲು ಹೂತುಹೋಗಬಹುದು. ಬೂದಿ ಬಿದ್ದ ಬಾವಿಯ ನೀರನ್ನು ಶುದ್ಧಮಾಡಿಸುವವರೆಗೆ ಕುಡಿಯಬೇಡಿ. ದನಗಳ ಕೆಚ್ಚಲು, ಗೊರಸು ನೋಡಿ ಪಶುವೈದ್ಯರಿಗೆ ತೋರಿಸಿ. ಸುಟ್ಟ ತೋಟದ ಫೋಟೋ ತೆಗೆದು ವಲಯ ಕೃಷಿ ಕಚೇರಿಗೆ ಬೇಗ ತಿಳಿಸಿ. ಎಲೆ ಸುಟ್ಟ ಗೇರು ಮರವನ್ನು ಸತ್ತಿತೆಂದು ಕೂಡಲೇ ಕಡಿಯಬೇಡಿ. ಮೊದಲ ಮಳೆ ಬಿದ್ದು ಚಿಗುರುತ್ತದೆಯೇ ಎಂದು ಕಾದು ನೋಡಿ.

ಒಂದು ಮನೆಯ ಕೆಲಸವಲ್ಲ

ಪೋರ್ಚುಗಲ್ಲಿನವರು 66 ಜನರನ್ನು ಕಳೆದುಕೊಂಡ ಮರುವರ್ಷ, 2018ರಲ್ಲಿ, ಸುರಕ್ಷಿತ ಹಳ್ಳಿ, ಸುರಕ್ಷಿತ ಜನ ಎಂಬ ಅರ್ಥದ ಒಂದು ಕಾರ್ಯಕ್ರಮ ಆರಂಭಿಸಿದರು. ಹಳ್ಳಿಯವರೇ ಆದ ಒಬ್ಬರು ಸುರಕ್ಷತೆಯ ಜವಾಬ್ದಾರಿ ಹೊರುತ್ತಾರೆ. ಎಲ್ಲಿ ಸೇರಬೇಕು, ಯಾವ ದಾರಿಯಲ್ಲಿ ಹೋಗಬೇಕು ಎಂದು ಮೊದಲೇ ಗೊತ್ತುಮಾಡಿ ಅಭ್ಯಾಸ ನಡೆಸುತ್ತಾರೆ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ನಮ್ಮ ವಾರ್ಡುಗಳಲ್ಲೂ ಮಾಡಬಹುದು.

ಪ್ರತಿ ವಾರ್ಡಿನಲ್ಲಿ ಇಬ್ಬರು ಸೇರಿ ಒಂದು ಪಟ್ಟಿ ಮಾಡಲಿ: ನಡೆಯಲಾಗದ ಹಿರಿಯರು ಯಾರ ಮನೆಯಲ್ಲಿದ್ದಾರೆ, ಹಗಲು ಒಬ್ಬರೇ ಇರುವವರು ಯಾರು, ತೋಟದ ಗುಡಿಸಲುಗಳು ಎಷ್ಟು, ಜೀಪು, ರಿಕ್ಷಾ, ಟೆಂಪೋ ಯಾರ ಬಳಿ ಇದೆ. ಮೊಬೈಲಿಗೆ ಸಿಗ್ನಲ್ ಸಿಗದ ಮನೆಗಳಿಗೆ ಸುದ್ದಿ ಮುಟ್ಟಿಸಲು ಚರ್ಚಿನ ಗಂಟೆಯನ್ನು ಆಪತ್ತಿಗೆಂದೇ ಬೇರೆ ರೀತಿಯಲ್ಲಿ ಬಾರಿಸಬಹುದೇ ಎಂದು ಗುರುಗಳನ್ನು ಕೇಳೋಣ. ಆ ಗಂಟೆ ಕೇಳಿದವರು ಯಾವ ಮತದವರಾದರೂ ಅದರ ಅರ್ಥ ತಿಳಿದಿರಬೇಕು. ಬೆಂಕಿಗೆ ಬೇಲಿಯ ಗುರುತಿಲ್ಲ. ದೇವಸ್ಥಾನದ ಕಡೆಯ ನೆರೆಯವರನ್ನೂ ಮಸೀದಿಯ ಕಡೆಯವರನ್ನೂ ಕರೆದು ಮಾತಾಡೋಣ.

ಮನೆ ಬಿಟ್ಟು ಹೊರಡುವವರನ್ನು ಹೇಡಿಗಳೆನ್ನುವ ರೂಢಿ ನಮ್ಮಲ್ಲಿದೆ. ಮನೆ ನಮ್ಮ ದುಡಿಮೆಯದು, ಮತ್ತೆ ದುಡಿದು ಕಟ್ಟಬಹುದು. ಎಮ್ಮೆಯ ಹಗ್ಗ ಬಿಚ್ಚಿ, ಅತ್ತೆಯ ಕೈಹಿಡಿದು, ಮಗುವನ್ನು ಸೊಂಟಕ್ಕೇರಿಸಿ ಸಮಯಕ್ಕೆ ಸರಿಯಾಗಿ ಮೆಟ್ಟಿಲಿಳಿದ ಸೊಸೆ ಆ ಮನೆಯನ್ನು ಉಳಿಸಿದವಳೇ. ಈ ವಾರ ಊಟವಾದ ಮೇಲೆ ಒಂದರ್ಧ ಗಂಟೆ ಎಲ್ಲರೂ ಕೂತು ಮಾತಾಡಿ. ಮರುದಿನವೇ ಚೀಲ ಕಟ್ಟಿ. ಭಾನುವಾರ ಹುಲ್ಲು ಸವರಲು ಹೊರಟರೆ ಪಕ್ಕದ ಮನೆಯವರನ್ನೂ ಕರೆಯಿರಿ.